ಪೆಟ್ಟಿಗೆ ಅಮ್ಮನ ರಜೆಯ ಲೆಕ್ಕ

ಮಗು ಕೈತಪ್ಪಿ ಹೋಗುತ್ತದೆ, ಅತ್ತೆ ಕೊನೆಗಾಲದಲ್ಲಿ ನೋಡುವವರಿಲ್ಲದೆ ಒದ್ದಾಡುತ್ತಾರೆ, ಗಂಡನಿಗೆ ಬೇಸರ ಬರುತ್ತದೆ: 1998ರಲ್ಲಿ ನಾನು ಎಂಟು ತಿಂಗಳ ಮಗಳನ್ನು ಅರಕಲಗೂಡಿನ ಹತ್ತಿರದ ನಮ್ಮ ಮನೆಯಲ್ಲಿ ಬಿಟ್ಟು ಸೇನೆಯ ನರ್ಸಾಗಿ ಶ್ರೀನಗರಕ್ಕೆ ಹೊರಟಾಗ ನೆಂಟರಿಷ್ಟರು ಈ ಮೂರು ಮಾತನ್ನು ನನ್ನ ಎದುರಿಗೇ ಹೇಳಿದ್ದರು. 32 ವರ್ಷದ ಸೇವೆ ಮುಗಿಸಿ 2022ರಲ್ಲಿ ಊರಿಗೆ ಬಂದೆ. ಮಗಳು ಪಶುವೈದ್ಯೆಯಾಗಿದ್ದಾಳೆ, ಅತ್ತೆ 84ನೆಯ ವಯಸ್ಸಿನಲ್ಲಿ ತಮ್ಮದೇ ಮಂಚದ ಮೇಲೆ, ಮೈಯಲ್ಲಿ ಒಂದು ಹುಣ್ಣೂ ಇಲ್ಲದೆ ತೀರಿಕೊಂಡರು, ಗಂಡ ಈ ಬರಹದ ಕಾಗುಣಿತ ತಿದ್ದಲು ಪಕ್ಕದಲ್ಲೇ ಕುಳಿತಿದ್ದಾರೆ. ಆ ಮಾತು ಆಡಿದ್ದವರಲ್ಲಿ ಒಬ್ಬರು ಕಳೆದ ವರ್ಷ ತಮ್ಮ ಸೊಸೆಯನ್ನು ಕರೆದುಕೊಂಡು ಬಂದು, ನೀವು ಹೇಗೆ ಮಾಡಿದಿರೋ ಇವಳಿಗೆ ಸ್ವಲ್ಪ ಹೇಳಿ ಎಂದು ಕೇಳಿದರು. ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಇರುವವರಿಗೂ, ಚೆನ್ನೈನ ಒಟಿಎ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ಮುಗಿಸಿ ಬೇರೆ ವಿಭಾಗಗಳಿಗೆ ಸೇರಿದವರಿಗೂ ಫೀಲ್ಡ್ ಯಾವುದು, ಪೀಸ್ ಯಾವುದು ಎಂದು ನಾನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಫೀಲ್ಡ್ ಎಂದರೆ ಕುಟುಂಬವನ್ನು ಕರೆದೊಯ್ಯಲಾಗದ ಗಡಿಭಾಗದಂಥ ಜಾಗ, ಪೀಸ್ ಎಂದರೆ ಕುಟುಂಬವನ್ನು ಜೊತೆಗೆ ಇಟ್ಟುಕೊಳ್ಳಬಹುದಾದ ಊರು. ನರ್ಸಿಂಗ್ ಬಿಟ್ಟು ಬೇರೆ ವಿಭಾಗಗಳಿಗೆ ಬಂದ ಹೆಣ್ಣುಮಕ್ಕಳು ಬಹುಕಾಲ ಐದು, ಹತ್ತು, ಹೆಚ್ಚೆಂದರೆ ಹದಿನಾಲ್ಕು ವರ್ಷಕ್ಕೆ ಹೊರಬರಬೇಕಾಗಿತ್ತು. 2020ರ ಫೆಬ್ರುವರಿ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರಿಗೂ ಕಾಯಂ ಕಮಿಷನ್ನಿನ, ಅಂದರೆ ನಿವೃತ್ತಿಯವರೆಗೂ ಅಧಿಕಾರಿಯಾಗಿ ಇರುವುದರ ಬಾಗಿಲು ತೆರೆದಿದೆ. ಹದಿನಾಲ್ಕು ವರ್ಷವನ್ನು ಹೇಗೋ ಹಲ್ಲುಕಚ್ಚಿ ಕಳೆಯಬಹುದು, ಮೂವತ್ತು ವರ್ಷವನ್ನು ಹಾಗೆ ಕಳೆಯಲು ಆಗುವುದಿಲ್ಲ, ಅದಕ್ಕೆ ಒಂದು ಕ್ರಮ ಬೇಕು.

ನಾನು ಪುಣೆಯ ಎಎಫ್‌ಎಂಸಿಯ (ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು) ನರ್ಸಿಂಗ್ ಕಾಲೇಜಿನಲ್ಲಿ ಓದಿ 1990ರಲ್ಲಿ ಲೆಫ್ಟಿನೆಂಟ್ ಆದೆ. ನಮ್ಮದು 1888ರ ಮಾರ್ಚ್‌ನಲ್ಲಿ ಮುಂಬೈ ಬಂದರಿನಲ್ಲಿ ಇಳಿದ ಹತ್ತು ಮಂದಿ ನರ್ಸುಗಳಿಂದ ಶುರುವಾದ ಸೇವೆ. ಭಾರತೀಯ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಗೆ ಏರಿದ ಮೊದಲ ಮಹಿಳೆ ಗರ್ಟ್ರೂಡ್ ಆಲಿಸ್ ರಾಮ್ ಅವರು 1976ರಲ್ಲಿ ಆ ಸ್ಥಾನ ಪಡೆದದ್ದು ಇದೇ ಸೇವೆಯಲ್ಲಿ. ಆದರೆ ಇದೇ ಸೇವೆಯಲ್ಲಿ 1977ರ ಸೇನಾ ಸೂಚನೆಯೊಂದರ ಪ್ರಕಾರ ಮದುವೆಯಾದವಳನ್ನು ಸೇವೆಯಿಂದ ತೆಗೆಯಬಹುದಾಗಿತ್ತು. ಅದನ್ನು 1995ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡರು. 1988ರಲ್ಲಿ ಮದುವೆಯ ಕಾರಣಕ್ಕೆ ಸೇವೆ ಕಳೆದುಕೊಂಡಿದ್ದ ಒಬ್ಬ ಅಧಿಕಾರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರುವರಿಯಲ್ಲಿ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನಗೂ ನಮ್ಮ ಮನೆಯವರಿಗೂ ಮಾತುಕತೆ ಆಗಿದ್ದು 1993ರಲ್ಲಿ, ಮದುವೆಯಾಗಿದ್ದು 1996ರಲ್ಲಿ. ನಡುವಿನ ಮೂರು ವರ್ಷ ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಸುಮ್ಮನೆ ಕಾದರು. ಹಾಗೆ ಕಾದವರು ಎಂಬ ಒಂದೇ ಕಾರಣಕ್ಕೆ ನಾನು ಮುಂದಿನ ಎಲ್ಲದಕ್ಕೂ ಧೈರ್ಯ ಮಾಡಿದೆ.

ನನ್ನ ಕ್ರಮದ ತಿರುಳು ಇಷ್ಟೇ: ಮನೆ ಅಲುಗಬಾರದು, ಅಲುಗುವವಳು ನಾನೊಬ್ಬಳೇ ಆಗಿರಬೇಕು. ಮಗುವಿಗೆ ಒಂದೇ ಊರು, ಒಂದೇ ಶಾಲೆ, ಒಂದೇ ಅಜ್ಜಿಯ ಮಡಿಲು. ನಾನು ಯಾವಾಗ ಬರುತ್ತೇನೆ ಎಂಬುದು ಮನೆಯ ಎಲ್ಲರಿಗೂ ಆರು ತಿಂಗಳು ಮೊದಲೇ ಗೊತ್ತಿರಬೇಕು, ಹೇಳಿದ ದಿನಕ್ಕೆ ಬಂದೇ ತೀರಬೇಕು. ದೂರ ಇರುವುದನ್ನು ಮಗು ತಡೆದುಕೊಳ್ಳುತ್ತದೆ, ಹೇಳಿದ ದಿನ ತಪ್ಪುವುದನ್ನು ತಡೆದುಕೊಳ್ಳುವುದಿಲ್ಲ. ಇದು ನನಗೆ ಓದಿ ತಿಳಿದದ್ದಲ್ಲ, ಮೂರು ಸಲ ಎಡವಿ ತಿಳಿದದ್ದು.

ಮೊದಲ ತಪ್ಪು ರಜೆಯ ಹಂಚಿಕೆಯದು. ವಾರ್ಷಿಕ ರಜೆ 60 ದಿನ, ಸಾಂದರ್ಭಿಕ ರಜೆ 20 ದಿನ. ಮಗುವನ್ನು ಹೆಚ್ಚು ಸಲ ನೋಡಬೇಕೆಂಬ ಆಸೆಗೆ ಶ್ರೀನಗರದ ಮೊದಲ ವರ್ಷ ವಾರ್ಷಿಕ ರಜೆಯನ್ನು ಮೂರು ತುಂಡು ಮಾಡಿದೆ. ಶ್ರೀನಗರದಿಂದ ಜಮ್ಮುವಿಗೆ ಕಾನ್ವಾಯಿಯಲ್ಲಿ (ಸೇನಾ ವಾಹನಗಳ ಸಾಲಿನಲ್ಲಿ) ಒಂದು ದಿನ, ಹಿಮ ಬಿದ್ದು ದಾರಿ ಮುಚ್ಚಿದರೆ ಎರಡು ಮೂರು ದಿನ, ಜಮ್ಮುವಿನಿಂದ ದೆಹಲಿಗೆ ಒಂದು ರಾತ್ರಿ, ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಅಲ್ಲಿಂದ ಹಾಸನಕ್ಕೆ ಬಸ್ಸು. ಹೋಗಿ ಬರುವುದಕ್ಕೆ ಹತ್ತು ದಿನ ಎಂದು ಹಿಡಿದರೆ, 60ರಲ್ಲಿ 30 ದಿನ ನಾನು ರೈಲಿನಲ್ಲೇ ಕಳೆದಂತಾಯಿತು. ಮೂರನೆಯ ಸಲ ಬನಿಹಾಲದಲ್ಲಿ ದಾರಿ ಮುಚ್ಚಿ ಮೂರು ದಿನ ತಡವಾಯಿತು. ಮನೆಗೆ ತಲುಪಿದಾಗ ಮಗಳು ಅತ್ತೆಯ ಸೆರಗಿನ ಹಿಂದೆ ನಿಂತು, ಬಿಳಿ ಅಕ್ಷರದಲ್ಲಿ ನನ್ನ ಹೆಸರು ಬರೆದಿದ್ದ ಕಪ್ಪು ಟ್ರಂಕನ್ನು ಮೊದಲು ನೋಡಿ, ಆಮೇಲೆ ನನ್ನನ್ನು ನೋಡಿ, 'ಪೆಟ್ಟಿಗೆ ಅಮ್ಮ' ಎಂದಳು. ಅವಳ ಲೆಕ್ಕದಲ್ಲಿ ಮೊದಲು ಬರುತ್ತಿದ್ದದ್ದು ಪೆಟ್ಟಿಗೆ. ಆ ರಾತ್ರಿ ನಾನು ರಾಜೀನಾಮೆಯ ಕರಡು ಬರೆದೆ. ಅತ್ತೆ ಅದನ್ನು ಓದಬಲ್ಲವರಾಗಿರಲಿಲ್ಲ. ಆದರೂ ಅವರಿಗೆ ಅದು ಏನೆಂದು ಗೊತ್ತಾಯಿತು. 'ಕೂಸು ಬೆಳೀತದೆ, ಮಾತೂ ಕಲೀತದೆ, ನೀನು ಹೋಗವ್ವ' ಎಂದಷ್ಟೇ ಹೇಳಿ ದೀಪ ಆರಿಸಿದರು.

ಅಲ್ಲಿಂದ ಮುಂದೆ ದೂರದ ಪೋಸ್ಟಿಂಗ್ ಇದ್ದರೆ ಎರಡೇ ತುಂಡು, ಸಿಕಂದರಾಬಾದು ಪುಣೆಯಂಥ ಒಂದು ರಾತ್ರಿಯ ದೂರವಾದರೆ ನಾಲ್ಕು ತುಂಡು ಎಂದು ನಿಯಮ ಮಾಡಿಕೊಂಡೆ. ದೂರವಿದ್ದಾಗ ಒಂದು ತುಂಡು ಗೌರಿ ಹಬ್ಬಕ್ಕೆ, ಇನ್ನೊಂದು ಪರೀಕ್ಷೆಯ ತಿಂಗಳಿಗೆ. ಹೇಳುವ ದಿನಾಂಕವನ್ನು ಯಾವಾಗಲೂ ನಾನು ತಲುಪಬಹುದಾದ ದಿನಕ್ಕಿಂತ ಮೂರು ದಿನ ಮುಂದಕ್ಕೆ ಹೇಳುತ್ತಿದ್ದೆ. ಬೇಗ ಬಂದರೆ ಹಾಸನದಲ್ಲಿ ತಂಗಿಯ ಮನೆಯಲ್ಲಿ ಉಳಿದಾದರೂ ಹೇಳಿದ ದಿನವೇ ಮನೆಯ ಹೊಸ್ತಿಲು ದಾಟುತ್ತಿದ್ದೆ. ಇದನ್ನು ಕೇಳಿದವರಿಗೆ ಕಲ್ಲೆದೆ ಎನಿಸಬಹುದು, ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿ ಕುಂಕುಮ ಹಚ್ಚಿದ ದಿನವೇ ಅಮ್ಮ ಬರುವುದು ಎಂಬುದು ಮಗಳಿಗೆ ಸೂರ್ಯ ಹುಟ್ಟುವಷ್ಟೇ ಖಚಿತವಾಯಿತು. ಹಬ್ಬದ ದಿನ ರಜೆ ಸಿಗುವುದಕ್ಕೆ ಡ್ಯೂಟಿ ಬದಲಾವಣೆಯೇ ದಾರಿ. ನಮ್ಮ ಸೇವೆಯಲ್ಲಿ ಕೇರಳದವರು ಬಹಳ. ಅವರ ಓಣಂ, ಕ್ರಿಸ್‌ಮಸ್ ಡ್ಯೂಟಿಗಳನ್ನೆಲ್ಲ ನಾನು ಕೇಳದೆಯೇ ಮಾಡಿಕೊಡುತ್ತಿದ್ದೆ. ಯಾರಿಗೆ ಎಷ್ಟು ರಾತ್ರಿ ಮಾಡಿಕೊಟ್ಟೆ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ, ಆದರೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಗೌರಿ ಹಬ್ಬ 32 ವರ್ಷದಲ್ಲಿ ತಪ್ಪಿದ್ದು ಆರೋ ಏಳೋ ಸಲ, ಅಷ್ಟೇ.

1999ರ ಮೇ ತಿಂಗಳಿಂದ ಜುಲೈವರೆಗಿನ ದಿನಗಳಿಗೆ ಯಾವ ಕ್ರಮವೂ ಹಿಡಿಯಲಿಲ್ಲ. ಕಾರ್ಗಿಲ್‌ನಿಂದ ಗಾಯಾಳುಗಳು ಬಾದಾಮಿ ಬಾಗ್‌ನ ನಮ್ಮ 92 ಬೇಸ್ ಹಾಸ್ಪಿಟಲ್‌ಗೆ ಹೆಲಿಕಾಪ್ಟರಿನಲ್ಲಿ ಬರುತ್ತಿದ್ದರು. ಮೈನ್ ಸಿಡಿದು ಪಾದ ಹೋದವರು, ಹೊಟ್ಟೆಗೆ ಚೂರು ಹೊಕ್ಕವರು, ಕೈಬೆರಳು ಹಿಮಕ್ಕೆ ಕಪ್ಪಾದವರು. ಹದಿನಾರು ಗಂಟೆ ನಿಂತು ಕೆಲಸ ಮಾಡಿದ ಮೇಲೆ ಬೂಟು ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲವೆಂದು ಬೂಟಿನಲ್ಲೇ ಮಲಗುತ್ತಿದ್ದೆವು. ಒಂದು ಸಂಜೆ ಅರಿವಳಿಕೆಯ ಮಂಪರಿನಲ್ಲಿದ್ದ ಹುಡುಗನೊಬ್ಬ 'ಯವ್ವಾ, ನನ್ನ ಕಾಲೆಲ್ಲಿಟ್ಟಾರ' ಎಂದ. ಆ ವಾರ್ಡಿನಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೇ. ಬೆಳಗಿನವರೆಗೆ ಅವನ ಕೈ ಹಿಡಿದು ಕೂರಲು ನನಗೆ ಪುರಸೊತ್ತಿರಲಿಲ್ಲ, ಸುತ್ತು ಬರುವಾಗಲೆಲ್ಲ ಎರಡು ಮಾತು ಕನ್ನಡದಲ್ಲಿ ಆಡಿ ಮುಂದೆ ಹೋಗುತ್ತಿದ್ದೆ. ಮೂರನೆಯ ದಿನ ಅವನು ಹೇಳಿದಂತೆ ಅವನ ತಾಯಿಗೆ ಪತ್ರ ಬರೆದುಕೊಟ್ಟೆ. ಕಾಲಿನ ಮಾತನ್ನು ಅವನು ಬರೆಸಲಿಲ್ಲ. ಅದೇ ವಾರ ಊರಿನಲ್ಲಿ ಮಗಳಿಗೆ ದಡಾರ ಎದ್ದು ಜ್ವರ ಇಳಿಯದೆ ಐದು ದಿನವಾಗಿತ್ತು. ಫೋನಿಗೆ ಸಾಲು ನಿಂತು, ನೂರು ರೂಪಾಯಿಯ ಹತ್ತಿರ ಖರ್ಚು ಮಾಡಿ ಏಳೆಂಟು ನಿಮಿಷ ಮಾತಾಡಿದೆ. ಅತ್ತುಕೊಳ್ಳಲು ಆ ನಿಮಿಷಗಳನ್ನು ಬಳಸಲಿಲ್ಲ: ಕಣ್ಣು ಕೆಂಪಾಗಿದೆಯೇ, ಉಸಿರಾಡುವಾಗ ಪಕ್ಕೆ ಒಳಗೆ ಹೋಗುತ್ತದೆಯೇ, ಉಚ್ಚೆ ಎಷ್ಟು ಸಲ ಹೊಯ್ದಳು ಎಂದು ಕೇಳಿ, ಯಾವ ಲಕ್ಷಣ ಕಂಡರೆ ತಡಮಾಡದೆ ಹಾಸನಕ್ಕೆ ಒಯ್ಯಬೇಕೆಂದು ಹೇಳಿದೆ. ನಾನು ಹೋಗಲಿಲ್ಲ, ಹೋಗಬೇಕೆಂದು ಕೇಳಲೂ ಇಲ್ಲ. ಎಂಥಾ ತಾಯಿ ಎಂದವರಿಗೆ ನನ್ನಲ್ಲಿ ಇಂದಿಗೂ ಉತ್ತರ ಒಂದೇ: ಅಲ್ಲಿ ಮಗುವಿಗೆ ಅಜ್ಜಿ ಇದ್ದರು, ಇಲ್ಲಿ ಆ ಹುಡುಗನಿಗೆ ಯಾರೂ ಇರಲಿಲ್ಲ.

ಈಗ ಹಣದ ವಿಷಯ. ಕಮಿಷನ್ ಸಿಕ್ಕಾಗ ನನ್ನ ಕೈಗೆ ಬರುತ್ತಿದ್ದದ್ದು ಮೂರು ಸಾವಿರದ ಆಸುಪಾಸು. ಮದುವೆಯ ನಂತರ ಮನೆಖರ್ಚಿಗೆಂದು ಬ್ಯಾಂಕ್ ಡ್ರಾಫ್ಟ್ ತೆಗೆದು ನಮ್ಮ ಮನೆಯವರ ಹೆಸರಿಗೆ ಕಳಿಸುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಮಗುವಿಗೆ ಒಂದು ಬಿಸ್ಕತ್ತಿನ ಪೊಟ್ಟಣ ತರಲೂ ಅತ್ತೆ ಮಗನ ಕೈ ನೋಡಬೇಕಾಗಿದೆ ಎಂಬುದು ನನಗೆ ಒಂದು ರಜೆಯಲ್ಲಿ ಕಣ್ಣಿಗೆ ಬಿತ್ತು. ಅಲ್ಲಿಂದ ಪ್ರತಿ ತಿಂಗಳು 500 ರೂಪಾಯಿಯನ್ನು ಅತ್ತೆಯ ಹೆಸರಿಗೇ ಮನಿಯಾರ್ಡರ್ ಮಾಡತೊಡಗಿದೆ. ಮನಿಯಾರ್ಡರಿಗೆ ನೂರಕ್ಕೆ ಐದು ರೂಪಾಯಿ ಕಮಿಷನ್, ತಿಂಗಳಿಗೆ 25 ರೂಪಾಯಿ ದಂಡ ಎಂದು ಭಾವ ಆಕ್ಷೇಪಿಸಿದರು. ಅದು ದಂಡವಾಗಿರಲಿಲ್ಲ. ಪೋಸ್ಟ್‌ಮ್ಯಾನ್ ಬೀದಿಯಲ್ಲಿ ಎಲ್ಲರ ಎದುರು ಅತ್ತೆಯ ಹೆಸರು ಹಿಡಿದು ಕೂಗಿ, ಜಗಲಿಯ ಮೇಲೆ ಕುಳಿತು, ಅವರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡು, ನೋಟುಗಳನ್ನು ಅವರ ಕೈಗೇ ಎಣಿಸಿಕೊಡುತ್ತಿದ್ದ. ಫಾರಂನ ತುದಿಯಲ್ಲಿ ಸಂದೇಶ ಬರೆಯಲು ಇದ್ದ ಬೆರಳಗಲದ ಜಾಗದಲ್ಲಿ ನಾನು ಅತ್ತೆಗೆಂದೇ ಎರಡು ಸಾಲು ಬರೆಯುತ್ತಿದ್ದೆ, ಅದನ್ನೂ ಅವನೇ ಓದಿ ಹೇಳುತ್ತಿದ್ದ. ಸೊಸೆಯ ಮಗುವನ್ನು ಸಾಕುತ್ತಿರುವ ಮುದುಕಿ ಎಂದು ಅನುಕಂಪ ತೋರುತ್ತಿದ್ದ ಬೀದಿ ಆಮೇಲೆ ಅವರ ಹತ್ತಿರ ಸಾಲ ಕೇಳತೊಡಗಿತು. ನಾನು ಬದುಕಿನಲ್ಲಿ ಖರ್ಚು ಮಾಡಿದ ಹಣದಲ್ಲಿ ಆ 25 ರೂಪಾಯಿಯಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಕಳೆದುಕೊಂಡದ್ದೂ ಇದೆ. ಹೆಚ್ಚು ಬಡ್ಡಿಯ ಆಸೆಗೆ ಒಂದು ಚೀಟಿ ವ್ಯವಹಾರದಲ್ಲಿ ಹಾಕಿದ ಸುಮಾರು 40 ಸಾವಿರ ಹಾಗೇ ಮುಳುಗಿತು. ಆ ಕಾಲಕ್ಕೆ ಅದು ನನ್ನ ನಾಲ್ಕು ತಿಂಗಳ ಸಂಬಳ. ಅದಾದ ಮೇಲೆ ಸೇನಾಧಿಕಾರಿಗಳ ಭವಿಷ್ಯ ನಿಧಿಯಾದ ಡಿಎಸ್‌ಒಪಿಗೆ ಸಂಬಳದ ಕಡಿತ ಹೆಚ್ಚಿಸಿ, ಉಳಿದದ್ದರಲ್ಲೇ ಬದುಕುವುದನ್ನು ಕಲಿತೆ. ಮನೆಯ ಹೊಸ ಚಾವಣಿ, ಮಗಳ ಓದು ಎರಡೂ ಅದರಿಂದಲೇ ಆದವು.

ಎಲ್ಲಕ್ಕಿಂತ ದೊಡ್ಡ ಸೋಲು 2003ರದು. ಕೋಲ್ಕತ್ತದ ಕಮಾಂಡ್ ಹಾಸ್ಪಿಟಲ್‌ಗೆ ಪೋಸ್ಟಿಂಗ್ ಬಂದಾಗ, ಪೀಸ್ ಸ್ಟೇಷನ್ ತಾನೇ, ಮಗುವನ್ನು ಈಗಲಾದರೂ ಜೊತೆಗೆ ಇಟ್ಟುಕೋ ಎಂದು ಎಲ್ಲರೂ ಹೇಳಿದರು. ನನಗೂ ಆಸೆ ಮೀರಿತ್ತು. ನನ್ನದೇ ನಿಯಮವನ್ನು ಮುರಿದು ಐದೂವರೆ ವರ್ಷದ ಮಗಳನ್ನು ಕರೆದೊಯ್ದೆ. ಆಯಾಗೆ ತಿಂಗಳಿಗೆ 1,800, ಶಾಲೆಗೆ 900, ಔಷಧಿಗೆ ಲೆಕ್ಕವಿಲ್ಲ. ಅಲ್ಲಿನ ತೇವದ ಗಾಳಿಗೆ ಮಗಳಿಗೆ ಉಬ್ಬಸ ಶುರುವಾಯಿತು. ರಾತ್ರಿ ಡ್ಯೂಟಿಯ ವಾರದಲ್ಲಿ ಒಂದು ದಿನ ಆಯಾ ಬರಲಿಲ್ಲ. ಎರಡು ಕುರ್ಚಿ ಜೋಡಿಸಿ ಡ್ಯೂಟಿ ರೂಮಿನಲ್ಲಿ ಮಗಳನ್ನು ಮಲಗಿಸಿ, ಐಸಿಯುನಲ್ಲಿ ಬೇರೆಯವರ ಉಸಿರು ಎಣಿಸುತ್ತ ಗೋಡೆಯಾಚೆ ನನ್ನ ಮಗಳ ಉಬ್ಬಸ ಕೇಳಿಸಿಕೊಂಡೆ. ನರ್ಸಾಗಿ ಅವತ್ತು ನಾನು ಅರ್ಧ, ತಾಯಿಯಾಗಿಯೂ ಅರ್ಧ. ಏಳು ತಿಂಗಳಿಗೆ ಸುಮಾರು 35 ಸಾವಿರ ಕೈಬಿಟ್ಟ ಮೇಲೆ, ಮಗಳೇ ಒಂದು ಬೆಳಗ್ಗೆ, ಅಜ್ಜಿ ಹತ್ರ ಇದ್ದರೆ ನೀನು ಬಂದಾಗ ಪೂರ್ತಿ ಬರ್ತೀಯ ಎಂದಳು. ಅವಳನ್ನು ಊರಿಗೆ ತಲುಪಿಸಿ ಬಂದೆ. ಆಮೇಲೆ ಯಾರ ಮಾತಿಗೂ ಆ ನಿಯಮ ಮುರಿಯಲಿಲ್ಲ.

ಇದರ ನಡುವೆ ಮಾಡಿದ ಒಂದು ಪ್ರಯೋಗವನ್ನು ಹೇಳಲೇಬೇಕು. ಸೇನೆಯ ಕ್ಯಾಂಟೀನ್ ಅಂಗಡಿಯಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡು, ಜೋಗುಳ ಮತ್ತು ಕಥೆಗಳನ್ನು ನನ್ನ ದನಿಯಲ್ಲಿ ತುಂಬಿಸಿ ಕ್ಯಾಸೆಟ್ಟನ್ನು ಅಂಚೆಯಲ್ಲಿ ಊರಿಗೆ ಕಳಿಸಿದೆ. ರಾತ್ರಿ ಅದನ್ನು ಹಾಕಿದರೆ ಮಗು ಮಲಗುವ ಬದಲು ಬಾಗಿಲ ಕಡೆ ನೋಡಿ ಅಳುತ್ತಿತ್ತು. ಮೂರು ಕ್ಯಾಸೆಟ್ ಹೀಗೆ ವ್ಯರ್ಥವಾದವು. ನಾಲ್ಕನೆಯದರಲ್ಲಿ ಜೋಗುಳ ಬಿಟ್ಟು ಬೆಳಗಿನ ಮಾತುಗಳನ್ನು ತುಂಬಿಸಿದೆ: ಏಳು ಮಗಳೇ, ಹಲ್ಲುಜ್ಜು, ಈಗ ನನ್ನ ಜೊತೆ ಎರಡರ ಮಗ್ಗಿ ಹೇಳು, ನೀನು ಹೇಳುವ ತನಕ ನಾನು ಸುಮ್ಮನಿರುತ್ತೇನೆ. ಅದಾದ ಮೇಲೆ ಅವಳು ಮಗ್ಗಿ ಹೇಳುವಷ್ಟು ಹೊತ್ತು ಟೇಪು ಖಾಲಿ ಓಡುತ್ತಿತ್ತು. ಇದು ಫಲಿಸಿತು. ರಾತ್ರಿಯಲ್ಲಿ ತಾಯಿಯ ದನಿ ಕೇಳಿದರೆ ಮಗುವಿಗೆ ತಾಯಿ ಇಲ್ಲವೆಂಬುದು ನೆನಪಾಗುತ್ತದೆ, ಬೆಳಗ್ಗೆ ಕೇಳಿದರೆ ಕೆಲಸ ನೆನಪಾಗುತ್ತದೆ ಎಂಬುದು ನನ್ನ ಅನುಭವ. ಈಗ ವಿಡಿಯೊ ಕರೆ ಮಾಡುವವರೂ ಇದನ್ನು ಗಮನಿಸಬೇಕು, ಕರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ.

2014ರಲ್ಲಿ ನಾನು ಅಸ್ಸಾಮಿನ ತೇಜಪುರದ 155 ಬೇಸ್ ಹಾಸ್ಪಿಟಲ್‌ನಲ್ಲಿದ್ದಾಗ ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಯಿತು. ಮಗಳು ಆಗ ಪಿಯುಸಿ. ನಾನು ರಜೆಯಲ್ಲಿ ಊರಿಗೆ ಬಂದ ಮೂರನೆಯ ದಿನ ಅತ್ತೆಯ ಬಾಲಮೂಳೆಯ ಮೇಲೆ ರೂಪಾಯಿ ಅಗಲದ ಕೆಂಪು ಕಂಡಿತು. ಬೆರಳಿನಿಂದ ಒತ್ತಿ ಬಿಟ್ಟೆ, ಬೆಳ್ಳಗಾಗಲಿಲ್ಲ. ನರ್ಸುಗಳಿಗೆ ಇದರ ಅರ್ಥ ಗೊತ್ತು: ಹಾಸಿಗೆ ಹುಣ್ಣು ಶುರುವಾಗುತ್ತಿದೆ. 3,500 ಕೊಟ್ಟು ಗಾಳಿಹಾಸಿಗೆ ತಂದರೆ, ನಮ್ಮೂರಿನಲ್ಲಿ ರಾತ್ರಿ ಕರೆಂಟು ಹೋದಾಗ ಅದು ಇಳಿದು ಮಂಚದ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಕೂಸುಗಳ ತಲೆಗೆ ರಾಗಿ ದಿಂಬು ಇಡುವುದು ನಮ್ಮಲ್ಲಿ ಹಳೆಯ ವಾಡಿಕೆ. ಅದೇ ನೆನಪಿನಲ್ಲಿ ಮಾವನವರ ಹಳೆಯ ಪಂಚೆಯನ್ನು ಕತ್ತರಿಸಿ, ಒಂದೂವರೆ ಕೆಜಿ ರಾಗಿ ಹಿಡಿಯುವಂಥ ಆರು ಚಿಕ್ಕ ದಿಂಬು ಹೊಲಿಸಿದೆ. ಬೆನ್ನಿನ ಹಿಂದೆ ಒಂದು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದೊಂದು. ಹುರುಳಿ ತುಂಬಿ ನೋಡಿದೆ, ಕಾಳು ದಪ್ಪವಾಗಿ ಚರ್ಮದಲ್ಲಿ ಗುರುತು ಬಿತ್ತು. ರಾಗಿಯೇ ಸರಿ, ಆದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು, ಬಿಸಿಲಿಲ್ಲದಿದ್ದರೆ ಕಾವಲಿಯ ಮೇಲೆ ಬೆಚ್ಚಗೆ ಮಾಡಿ ಆರಿಸಿ ತುಂಬಬೇಕು. ಇದರ ಜೊತೆಗೆ ನಾನು ಅದರಲ್ಲಿ ಇನ್ನೂ ಒಂದು ವಸ್ತು ಸೇರಿಸುತ್ತಿದ್ದೆ, ಅದನ್ನು ನಮ್ಮ ಮನೆಗೆ ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ದಿಂಬಿಗಿಂತ ಮುಖ್ಯವಾದದ್ದು ಗೋಡೆಯ ಚಾರ್ಟು. ವಾರ್ಡಿನಲ್ಲಿ ಹಾಕುವಂತೆಯೇ ಗಂಟೆ, ಎಡ, ಬಲ, ಬೆನ್ನು, ಯಾರು ತಿರುಗಿಸಿದರು ಎಂದು ಗೆರೆ ಹಾಕಿ ಅಂಟಿಸಿದೆ. ಹಗಲು ಎರಡು ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆಗೊಮ್ಮೆ. ಹೊದಿಕೆಯನ್ನು ಮಡಚಿ ಹಾಸಿ ಅದನ್ನೇ ಹಿಡಿದು ತಿರುಗಿಸಬೇಕು, ಮೈ ಹಿಡಿದು ಎಳೆಯಬಾರದು ಎಂದು ನಮ್ಮ ಮನೆಯವರಿಗೂ, ಮಗಳಿಗೂ, ತಿಂಗಳಿಗೆ 4,000ಕ್ಕೆ ಬರುತ್ತಿದ್ದ ಪಕ್ಕದ ಮನೆಯ ಹೆಂಗಸಿಗೂ ಇಪ್ಪತ್ತು ದಿನ ಬಿಡದೆ ಕಲಿಸಿದೆ. ತೇಜಪುರಕ್ಕೆ ಮರಳಿದ ಮೇಲೆ ಪ್ರತಿ ಭಾನುವಾರ ಚಾರ್ಟಿನ ಫೋಟೊ ಫೋನಿಗೆ ಬರುತ್ತಿತ್ತು. ಖಾಲಿ ಚೌಕ ಕಂಡರೆ ಕಾರಣ ಕೇಳುತ್ತಿದ್ದೆ. ಮುಂದೆ ಅರ್ಜಿ ಹಾಕಿದ್ದಕ್ಕೆ ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಹಾಸ್ಪಿಟಲ್‌ಗೆ ಎರಡು ವರ್ಷಕ್ಕೆ ಪೋಸ್ಟಿಂಗ್ ಸಿಕ್ಕಿತು. ಅಂಥ ಅರ್ಜಿಯನ್ನು ವರ್ಷದ ಯಾವ ತಿಂಗಳಲ್ಲಿ, ಯಾವ ಮಾತಿನಲ್ಲಿ ಬರೆಯಬೇಕೆಂಬುದನ್ನು ಇಲ್ಲಿ ಹೇಳುವುದಿಲ್ಲ, ಸೇವೆಯಲ್ಲಿರುವ ಕಿರಿಯರು ಬಂದು ಕೇಳಿದರೆ ಹೇಳುತ್ತೇನೆ. ಅತ್ತೆ ಐದು ವರ್ಷ ಹಾಸಿಗೆಯಲ್ಲಿದ್ದು 2019ರ ಆಷಾಢದಲ್ಲಿ ಹೋದರು. ಮೊದಲ ತಿಂಗಳ ಆ ಕೆಂಪು ಬಿಟ್ಟರೆ ಮತ್ತೆ ಏನೂ ಆಗಲಿಲ್ಲ. ಮೂವತ್ತು ಹಾಸಿಗೆಯ ವಾರ್ಡುಗಳನ್ನು ನಡೆಸಿದವಳಾಗಿ ಹೇಳುತ್ತೇನೆ, ನಮ್ಮ ಮನೆಯ ಹಜಾರದಲ್ಲಿ ಆದಂಥ ಶುಶ್ರೂಷೆ ನಾನು ಹೆಚ್ಚು ಕಡೆ ನೋಡಿಲ್ಲ.

ಕೋವಿಡ್‌ನ ಎರಡು ವರ್ಷ ಎಲ್ಲರಿಗೂ ಒಂದೇ ಆಗಿತ್ತು, ಅದನ್ನು ಬಿಡುತ್ತೇನೆ.

ಈ ಕ್ರಮದಲ್ಲಿ ಒಂದು ಕೊರತೆ ಉಳಿದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 1996ರಿಂದ ಇಟ್ಟಿರುವ ನನ್ನ ಪುಸ್ತಕಗಳಲ್ಲಿ ಮಗಳ ಲಸಿಕೆ, ಅಂಕ, ಜ್ವರ ಎಲ್ಲ ಇದೆ, ಅತ್ತೆಯ ಮಾತ್ರೆ, ಬಿಪಿ ಎಲ್ಲ ಇದೆ. ಆದರೆ ನಮ್ಮ ಮನೆಯವರ ಹೆಸರಿಗೆ ಒಂದು ಹಾಳೆಯೂ ಇಲ್ಲ. ರಾತ್ರಿ ಮೂರು ಗಂಟೆಗೊಮ್ಮೆ ಅಲಾರಾಂ ಇಟ್ಟು ಎದ್ದವರು ಅವರು, ಚಾರ್ಟಿನಲ್ಲಿ ಹೆಚ್ಚು ಚೌಕ ತುಂಬಿದ ಸಹಿ ಅವರದು. ಎರಡು ವರ್ಷದಿಂದ ಅವರಿಗೆ ಮಂಡಿ ನೋವು, ಬಲಮಂಡಿಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಹೊಸ ಪುಸ್ತಕ ತಂದು ಅವರ ಹೆಸರು ಬರೆದು ಗೆರೆ ಹಾಕಿದ್ದೇನೆ: ದಿನಾಂಕ, ಮಂಡಿ ಎಷ್ಟು ಮಡಚುತ್ತದೆ, ಎಷ್ಟು ಹೆಜ್ಜೆ ನಡೆದರು. ರಾಗಿ ದಿಂಬುಗಳನ್ನು ಮಗಳು ನಿನ್ನೆ ಬಿಸಿಲಿಗೆ ಹಾಕಿದಳು.